ಶರಬತ್ತು ಹಂಚಿದ ಹಡಗು

ನನ್ನ ಗಂಡ ಫಿಕ್ರಿಗೆ ಅಗ್ಗವಾಗಿ ಏನಾದರೂ ಸಿಗುತ್ತದೆ ಅಂದರೆ ಸಾಕು, ಮುಂದೆ ಹಳ್ಳವಿದೆಯೋ ಗುಂಡಿಯಿದೆಯೋ ಕಾಣಿಸುವುದಿಲ್ಲ. ಮದುವೆಯಾದ ಮೊದಲ ವಾರದಲ್ಲೇ ಇದನ್ನು ಕಂಡುಕೊಂಡೆ, ಆವತ್ತಿನಿಂದ ಹೇಳುತ್ತಲೇ ಬಂದಿದ್ದೇನೆ, ಕೇಳುವ ಕಿವಿ ಮಾತ್ರ ಅವರಿಗಿಲ್ಲ. ವಿದ್ಯುತ್ ಕಂಪನಿಯಿಂದ ನಿವೃತ್ತಿಯಾದ ಮೇಲಂತೂ ಇನ್ನೂ ಜಾಸ್ತಿ. ಆದರೆ ಊರಿಗೆ ಊರೇ ಕೊರೊನಾದಲ್ಲಿ ಕೆಮ್ಮುತ್ತಿರುವಾಗ, ಶುಕ್ರವಾರ ಮಗಳ ನಿಕಾಹ್ ಇಟ್ಟುಕೊಂಡು, ಅದರ ಹಿಂದಿನ ಶನಿವಾರ ನೈಲ್ ನದಿಯ ಹಡಗು ಹತ್ತಲು ಹೊರಡುತ್ತಾರೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

"ಇಗ್ಲಾಲ್, ಬಟ್ಟೆ ಜೋಡಿಸ್ಕೋ," ಅಂದರು ಒಂದು ಸಂಜೆ, ಚಪ್ಪಲಿ ಕೂಡ ಬಿಡದೆ. "ಲುಕ್ಸರಿಂದ ಅಸ್ವಾನಿಗೆ. ಹಡಗಲ್ಲಿ. ಹಾಸಿಗೆ ನೋಡಿದ್ರೆ ಎದ್ದೇಳೋಕೆ ಮನಸ್ಸು ಬರಲ್ವಂತೆ."

"ತಲೆ ನೆಟ್ಟಗಿದೆಯೇನ್ರೀ? ಶುಕ್ರವಾರ ಯುಮ್ನಾ ನಿಕಾಹ್."

"ಬುಧವಾರ ಇಳೀತೀವಿ, ಗುರುವಾರ ಬೆಳಿಗ್ಗೆ ಮನೇಲಿರ್ತೀವಿ. ನಮ್ಮ ನಿವೃತ್ತರ ಸಂಘದೋರು ಇಡೀ ಹಡಗು ಹಿಡ್ದಿದ್ದಾರೆ. ವಿದೇಶದೋರು ಒಬ್ರೂ ಬರ್ತಿಲ್ಲ, ಹಡಗು ದಡದಲ್ಲಿ ನಿಂತು ತುಕ್ಕು ಹಿಡೀತಿವೆ, ರೈಲಿನ ರೇಟಿಗೆ ಕೊಡ್ತಿದ್ದಾರೆ. ಇಂಥಾದ್ದು ನಮ್ಮ ಜನ್ಮದಲ್ಲಿ ಮತ್ತೆ ಬರಲ್ಲ ಕಣೇ."

"ಮತ್ತೆ ಆ ಕಾಯಿಲೆ?"

"ನದಿ ಗಾಳಿ! ಶುಬ್ರಾದ ಈ ಗಲ್ಲೀಲಿ ಒಬ್ಬರ ಉಸಿರು ಒಬ್ರು ಕುಡೀತಾ ಕೂತಿರೋದಕ್ಕಿಂತ ಅದು ವಾಸಿ."

ನಾನು ಬೇಡವೆಂದೆ, ಕೂಗಾಡಿದೆ, ಒಂದು ಹೊತ್ತು ಊಟ ಬಿಟ್ಟೆ. ಆದರೆ ಗಟ್ಟಿಯಾಗಿ ನಿಲ್ಲಲಿಲ್ಲ. ಅದಕ್ಕೂ ಕಾರಣವಿದೆ. ನಾನು ಹುಟ್ಟಿ ಬೆಳೆದದ್ದು ಅದೇ ನದಿಯ ದಡದ ಎಸ್ನಾದಲ್ಲಿ. ಅಲ್ಲಿಯ ಕಟ್ಟೆಯ ಬಾಗಿಲು ತೆರೆಯುವವರೆಗೆ ಹಡಗುಗಳು ಸಾಲಾಗಿ ಕಾಯುತ್ತವೆ. ಮೇಲಿನ ಅಂತಸ್ತಿನಲ್ಲಿ ಬಿಳಿ ಕುರ್ಚಿ, ಕುರ್ಚಿಯಲ್ಲಿ ಕೆಂಪಗಾದ ವಿದೇಶಿ ಕಾಲುಗಳು, ಕೈಯಲ್ಲಿ ಉದ್ದನೆಯ ಲೋಟ. ನಾವು ಮಕ್ಕಳು ದಡದಿಂದ ಕೈ ಬೀಸುತ್ತಿದ್ದೆವು. ಅಲ್ಲಿ ಕೂತವರಿಗೆ ಏನು ಕಾಣುತ್ತದೆ, ಅವರ ಲೋಟದಲ್ಲಿ ಏನಿದೆ ಅಂತ ನನಗೂ ಆಸೆಯಿತ್ತು. ಇದನ್ನು ಫಿಕ್ರಿಗೆ ಹೇಳಲಿಲ್ಲ ಅಷ್ಟೆ, ಹೇಳಿದ್ದರೆ ತಲೆ ಮೇಲೆ ಕೂತುಬಿಡುತ್ತಿದ್ದರು.

ಮುಂದಕ್ಕೆ ಹಾಕುವ ನಿಕಾಹ್ ಅದಾಗಿರಲಿಲ್ಲ. ಹಿಂದಿನ ವಸಂತದಲ್ಲಿ ಛತ್ರಗಳನ್ನು ಮುಚ್ಚಿದಾಗ ಒಮ್ಮೆ ಮುಂದೆ ಹೋಗಿತ್ತು, ಹುಡುಗ ಹೈಸಮ್‌ಗೆ ಕೆಲಸದಲ್ಲಿರುವ ಜಿದ್ದಾದಿಂದ ವಿಮಾನ ಸಿಗದೆ ಇನ್ನೊಮ್ಮೆ ಹೋಗಿತ್ತು. ಈಗ ಬಂದಿದ್ದಾನೆ, ನಿಕಾಹ್‌ನ ಮರುದಿನ ಶನಿವಾರವೇ ವಾಪಸು ಹೊರಡಬೇಕು. ಸೌದಿಯವರು ಗಡಿಯನ್ನು ಒಮ್ಮೆ ಮುಚ್ಚಿ ತೆರೆದಿದ್ದರು, ಮತ್ತೆ ಯಾವಾಗ ಮುಚ್ಚುತ್ತಾರೋ ಹೇಳುವಂತಿರಲಿಲ್ಲ. ನಿಕಾಹ್ ಆಗಿದ್ದರೆ ಮಾತ್ರ ಯುಮ್ನಾಳನ್ನು ಕರೆಸಿಕೊಳ್ಳಲು ಅವನು ಅರ್ಜಿ ಹಾಕಬಹುದು. ಆದ್ದರಿಂದ ಛತ್ರವೂ ಬೇಡ, ಮೆರವಣಿಗೆಯೂ ಬೇಡ, ನಮ್ಮ ಕಟ್ಟಡದ ತಾರಸಿಯ ಮೇಲೆ ಹತ್ತು ಜನರೆದುರು ಮುಗಿಸಿಬಿಡೋಣ ಅಂತ ಮಾತಾಗಿತ್ತು.

ನಮ್ಮಲ್ಲಿ ನಿಕಾಹ್ ಅಂದರೆ ಎರಡು ಕೈ. ಹುಡುಗಿಯ ತಂದೆಯ ಬಲಗೈ, ಹುಡುಗನ ಬಲಗೈ, ಮೇಲೊಂದು ಬಿಳಿ ಕರವಸ್ತ್ರ. ನಿಕಾಹ್ ಓದಿಸಿ ಬರೆದುಕೊಳ್ಳುವ ಮಾಜೂನ್ ಸಾಹೇಬರು ಒಂದೊಂದೇ ಮಾತು ಹೇಳಿಕೊಡುತ್ತಾರೆ, ತಂದೆ ಅದನ್ನೇ ಹೇಳುತ್ತಾನೆ, ಹುಡುಗ ಒಪ್ಪಿದೆ ಅನ್ನುತ್ತಾನೆ. ಫಿಕ್ರಿ ಆ ಕರವಸ್ತ್ರವನ್ನು ಯುಮ್ನಾ ಹತ್ತನೇ ಕ್ಲಾಸಿನಲ್ಲಿದ್ದಾಗಲೇ ತಂದಿಟ್ಟಿದ್ದರು. ಒಬ್ಬಳೇ ಮಗಳು.

ಸರಿ, ಹಡಗು ಹತ್ತಿದೆವು. ಹತ್ತುವಾಗಲೇ ಒಬ್ಬ ಹುಡುಗ ಹಣೆಗೆ ಪಿಸ್ತೂಲು ಹಿಡಿದ, ಜ್ವರ ನೋಡುವ ಪಿಸ್ತೂಲು. ಒಳಗೆ ಹೋದರೆ ಈಜುಕೊಳ ಖಾಲಿ, ತಳದಲ್ಲಿ ಎರಡು ಗುಬ್ಬಚ್ಚಿ ಕೂತಿದ್ದವು. ಹುಕ್ಕಾ ನಿಷೇಧ. ಕುಣಿತ ನಿಷೇಧ. ಒಂದು ಮೇಜಿಗೆ ಇಬ್ಬರೇ, ಅದೂ ಗಂಡ ಹೆಂಡತಿ. ಮೂವತ್ತು ವರ್ಷದಿಂದ ಎದುರಾಬದುರಾ ಕೂತು ಊಟ ಮಾಡಿದ ಮುಖವನ್ನೇ ನೋಡಿಕೊಂಡು ಊಟ ಮಾಡಲು ನಾನು ಲುಕ್ಸರಿಗೆ ಬರಬೇಕಿತ್ತೇ!

ಆದರೆ ಫಿಕ್ರಿಯ ಹೊಟ್ಟೆ ಉರಿದದ್ದು ಬಫೆಯಲ್ಲಿ. ಈ ಮನುಷ್ಯ ಹಡಗಿಗೆ ಬಂದದ್ದೇ ಬಫೆಗಾಗಿ. ಎಷ್ಟು ಬೇಕೋ ಅಷ್ಟು, ಏನು ಬೇಕೋ ಅದು, ಕೇಳುವವರಿಲ್ಲ. ನೋಡಿದರೆ ಊಟದ ಮುಂದೆಲ್ಲ ಗಾಜು ಕಟ್ಟಿದ್ದರು. ಗಾಜಿನ ಆಚೆ ಕೈಗವಸು ಹಾಕಿದವನೊಬ್ಬ ಸೌಟು ಹಿಡಿದು ನಿಂತಿದ್ದ.

"ಆ ಕಬಾಬು ಹಾಕಪ್ಪ," ಅಂದರು ಫಿಕ್ರಿ.

ಅವನು ಒಂದು ಹಾಕಿದ.

"ಇನ್ನೊಂದು."

"ಆಮೇಲೆ ಬನ್ನಿ ಸರ್, ಹಿಂದೆ ಸಾಲಿದೆ."

"ನೋಡ್ದೆಯಾ?" ಮೇಜಿಗೆ ಬಂದು ನನ್ನ ಮೇಲೆ ರೇಗಿದರು. "ಜೈಲಲ್ಲಿ ಹೀಗೇ ಹಾಕೋದು. ಎಣಿಸಿ ಹಾಕ್ತಾನೆ, ಅವರಪ್ಪನ ಮನೆದು ಅನ್ನೋ ಹಾಗೆ!"

"ರೈಲಿನ ರೇಟು ಅಂದ್ರಲ್ಲ, ರೈಲಿನ ಊಟ ಸಿಕ್ತು. ತಿನ್ನಿ ಸುಮ್ನೆ," ಅಂದೆ.

ನನಗೂ ಸುಖವಿರಲಿಲ್ಲ. ಎಸ್ನಾ ಬಂದಾಗ ಮೇಲಿನ ಅಂತಸ್ತಿಗೆ ಹೋಗಿ ಬಿಳಿ ಕುರ್ಚಿಯಲ್ಲಿ ಕೂತೆ. ದಡದಲ್ಲಿ ಮಕ್ಕಳಿದ್ದರು, ಕೈ ಬೀಸಿದರು, ನಾನೂ ಬೀಸಿದೆ. ಬಾಯಿಗೆ ಮಾಸ್ಕು, ಕನ್ನಡಕದ ಮೇಲೆ ಆವಿ. ಅಷ್ಟು ವರ್ಷ ಆಸೆಪಟ್ಟ ಕುರ್ಚಿಯಿಂದ ನನ್ನ ಊರು ಮಸುಕಾಗಿ ಕಂಡಿತು. ಲೋಟದಲ್ಲಿ ಇದ್ದದ್ದು ನಿಂಬೆಹಣ್ಣಿನ ಪಾನಕ, ಮನೆಯಲ್ಲಿ ನಾನು ಮಾಡುವುದು ಇದಕ್ಕಿಂತ ಚೆನ್ನಾಗಿರುತ್ತದೆ.

ಎದ್ಫು ಸೇರಿದ ಸಂಜೆ ಆ ಶರಬತ್ತಿನ ಪ್ರಸಂಗ ನಡೆಯಿತು. ಫಿಕ್ರಿಯ ಹಳೆಯ ಸಹೋದ್ಯೋಗಿ ಶಿಹಾತ ಅಂತ ಒಬ್ಬರು, ಲುಕ್ಸರಿಗೆ ಬಂದ ರೈಲಿನಲ್ಲೂ ಪಕ್ಕದ ಸೀಟು, ಹಡಗಿನಲ್ಲೂ ಪಕ್ಕದ ಕೋಣೆ. ಇಬ್ಬರೂ ಮೇಲಿನ ಅಂತಸ್ತಿನಲ್ಲಿ ಪಗಡೆ ಹಾಕಿಕೊಂಡು ಕೂತಿದ್ದರು. ಮಾತಿನ ನಡುವೆ ಫಿಕ್ರಿ, ಶುಕ್ರವಾರ ಮಗಳ ನಿಕಾಹ್ ಅಂದುಬಿಟ್ಟರು.

ಶಿಹಾತ ದಾಳವನ್ನು ಕೆಳಗಿಟ್ಟರು. "ಏನಂದೆ? ನಿಕಾಹ್? ಈ ಶುಕ್ರವಾರ? ಶರಬತ್ತೆಲ್ಲಯ್ಯಾ?"

"ಈ ಕಾಯಿಲೆ ಕಾಲದಲ್ಲಿ ಎಂಥ ಶರಬತ್ತು..."

"ನಾಚಿಕೆ ಆಗಲ್ವೇನಯ್ಯಾ ನಿಂಗೆ? ಒಬ್ಳೇ ಮಗಳು! ಕೇಳ್ರಪ್ಪಾ ಎಲ್ರೂ, ಮಗಳ ಮದುವೇನ ಮುಚ್ಚಿಟ್ಕೊಂಡಿದ್ದಾನೆ ಫಿಕ್ರಿ!"

ನಮ್ಮ ಜನಕ್ಕೆ ಇದಕ್ಕಿಂತ ದೊಡ್ಡ ಬೈಗುಳವಿಲ್ಲ. ಸಂತೋಷವನ್ನು ಬಚ್ಚಿಡುವವನು ಅಂದರೆ ಮಿಕ್ಕವರ ಕೆಟ್ಟ ಕಣ್ಣು ಬೀಳುತ್ತದೆಂದು ಹೆದರುವವನು ಅಂತ ಅರ್ಥ, ಮುಖಕ್ಕೆ ಹೊಡೆದಂತೆ. ಫಿಕ್ರಿ ಎದ್ದರು. ದಡಕ್ಕಿಳಿದು ಗುಲಾಬಿ ಶರಬತ್ತಿನ ಬಾಟಲಿಗಳನ್ನು ತೋಳಿನ ತುಂಬ ಹೊತ್ತು ತಂದರು, ಅಡಿಗೆಯವರ ಕೈಕಾಲು ಹಿಡಿದು ಹೂಜಿಗಳಲ್ಲಿ ಬೆರೆಸಿದರು. ಆಮೇಲೆ ಮಾಸ್ಕನ್ನು ಗಲ್ಲಕ್ಕೆ ಇಳಿಸಿ ಒಬ್ಬೊಬ್ಬರ ಹತ್ತಿರ ಹೋಗಿ ತಾವೇ ಲೋಟ ಕೊಟ್ಟು, ತಬ್ಬಿಕೊಂಡು, ಆ ಕೆನ್ನೆಗೊಂದು ಈ ಕೆನ್ನೆಗೊಂದು ಮುತ್ತು ಕೊಟ್ಟರು. ಲೋಟ ಸಾಲದೆ ಒಬ್ಬರು ಕುಡಿದದ್ದನ್ನು ನೀರಿನಲ್ಲಿ ಅದ್ದಿ ಇನ್ನೊಬ್ಬರಿಗೆ ಕೊಟ್ಟರು. ಹುಡುಗಿಯ ತಾಯಿ ಎಲ್ಲಿ, ತಾಯಿ ಎಲ್ಲಿ ಅಂತ ಎಲ್ಲರೂ ಕೂಗಿದಾಗ ನಾನು ಮಾಸ್ಕು ತೆಗೆದು ನಾಲಗೆ ಹೊರಳಿಸಿ ಮದುವೆಮನೆಯ ಕೇಕೆ, ಒಂದು ಜಗರೂತ ಹಾಕಿದೆ ನೋಡಿ, ಎದ್ಫುವಿನ ದಡದಲ್ಲಿದ್ದ ಕುದುರೆಗಳು ಕಿವಿ ನಿಮಿರಿಸಿದವು. ಶಿಹಾತ ಯಾರದೋ ಊರುಗೋಲು ಕಿತ್ತುಕೊಂಡು ಕುಣಿದರು. ಕುಣಿತ ನಿಷೇಧ ಅಂತ ಹೇಳಲು ಬಂದ ಮ್ಯಾನೇಜರಿಗೂ ಒಂದು ಲೋಟ, ಎರಡು ಮುತ್ತು. ಆ ಪ್ರವಾಸದಲ್ಲಿ ನಾನು ಸುಖವಾಗಿದ್ದದ್ದು ಆ ಒಂದು ಸಂಜೆ ಮಾತ್ರ.

ಮರುದಿನ ಕೋಮ್ ಓಂಬೊದಲ್ಲಿ ಶಿಹಾತ ಹಾಸಿಗೆಯಿಂದ ಏಳಲಿಲ್ಲ. ಮೈ ಕೆಂಡ. ಆಮೇಲೆ ಗೊತ್ತಾಯಿತು, ಅವರಿಗೆ ರೈಲಿನಲ್ಲೇ ಮೈ ಬೆಚ್ಚಗಿತ್ತಂತೆ. ಕೊಟ್ಟ ದುಡ್ಡು ವಾಪಸು ಬರುವುದಿಲ್ಲವೆಂದು ದಿನಾ ಬೆಳಿಗ್ಗೆ ಪಿಸ್ತೂಲಿನ ಹುಡುಗ ಬರುವುದಕ್ಕೆ ಮುಂಚೆ ಜ್ವರದ ಮಾತ್ರೆ ನುಂಗುತ್ತಿದ್ದರಂತೆ. ನನ್ನ ಬಾಯಲ್ಲಿ ಬಂದದ್ದನ್ನು ಇಲ್ಲಿ ಬರೆಯುವಂತಿಲ್ಲ.

ಅವರನ್ನು ಆಂಬುಲೆನ್ಸಿನಲ್ಲಿ ಸಾಗಿಸಿದರು. ಹಡಗಿಗೆ ಒಬ್ಬ ಡಾಕ್ಟರು ಬಂದ, ಇನ್ನೂ ಮೀಸೆ ಸರಿಯಾಗಿ ಬಾರದ ವಯಸ್ಸು, ಮೈತುಂಬ ಬಿಳಿ ಪ್ಲಾಸ್ಟಿಕ್ಕು.

"ಆ ಜ್ವರದೋರ ಹತ್ತಿರ ಯಾರ್ಯಾರಿದ್ರಿ? ಅವರಷ್ಟೇ ಉಳೀರಿ ಸಾಕು, ಮಿಕ್ಕೋರನ್ನ ಊರಿಗೆ ಕಳಿಸ್ತೀನಿ," ಅಂದ.

ಒಬ್ಬರು ಶರಬತ್ತಿನ ಕಥೆ ಹೇಳಿದರು, ಇನ್ನೊಬ್ಬರು ಮೊಬೈಲಿನಲ್ಲಿ ತೆಗೆದ ವಿಡಿಯೊ ತೋರಿಸಿದರು. ಡಾಕ್ಟರು ಅದನ್ನು ಕೊನೆಯವರೆಗೂ ನೋಡಿದ. ಫಿಕ್ರಿ ಮುತ್ತು ಕೊಡುತ್ತ ಕೊಡುತ್ತ ಹಡಗಿನ ಈ ತುದಿಯಿಂದ ಆ ತುದಿಗೆ ಹೋಗುತ್ತಿದ್ದರು.

"ಯಾರನ್ನೂ ಬಿಟ್ಟೇ ಇಲ್ವಲ್ಲ ಸರ್ ನೀವು," ಅಂದ ಅವನು. ಹಡಗು ಕಟ್ಟಿಹಾಕಿಸಿದ. ಎಲ್ಲರ ಮೂಗಿಗೂ ಕಡ್ಡಿ ಹಾಕಿದರು. ಎರಡು ವಾರ ಯಾರೂ ಇಳಿಯುವಂತಿಲ್ಲ.

ಆವತ್ತಿನಿಂದ ಹಡಗಿನಲ್ಲಿ ನಮ್ಮನ್ನು ನೋಡುವ ಕಣ್ಣೇ ಬೇರೆಯಾಯಿತು. ಎದುರಿನ ಕೋಣೆಯ ಬಹೀಜ, ಎರಡೂ ಕೆನ್ನೆಗೆ ಮುತ್ತು ಕೊಟ್ಟು ನಿನ್ನ ಮಗಳು ನನ್ನ ಮಗಳಿದ್ದ ಹಾಗೆ ಅಂದವಳು, ಬಾಗಿಲ ಸಂದಿಯಿಂದ, "ಶರಬತ್ತು ತುಂಬಾ ಚೆನ್ನಾಗಿತ್ತು ಇಗ್ಲಾಲಮ್ಮ, ಇನ್ನೂ ಗಂಟಲಲ್ಲೇ ಇದೆ," ಅಂದಳು. ಕೋಣೆಗೆ ಬಂದು ಫಿಕ್ರಿಗೆ ಅಂದೆ.

"ನದಿ ಗಾಳಿ ಹೇಗಿದೆ ರೀ? ವಾಸಿ ಇದೆಯಾ?"

ಅವರು ಗೋಡೆಯ ಕಡೆ ಹೊರಳಿಕೊಂಡರು.

ಗುರುವಾರ ಫಲಿತಾಂಶ ಬಂತು. ನನಗೆ ಇಲ್ಲ, ಫಿಕ್ರಿಗೆ ಇದೆ. ಸಂಜೆಯ ಹೊತ್ತಿಗೆ ಕೆಮ್ಮೂ ಶುರುವಾಯಿತು. ಕೆಳಗಿನ ಅಂತಸ್ತಿನಲ್ಲಿ, ಕಿಟಕಿ ನೀರಿನ ಮಟ್ಟಕ್ಕಿರುವ ಒಂದು ಕೋಣೆಗೆ ಅವರನ್ನೂ ಅವರ ಪೆಟ್ಟಿಗೆಯನ್ನೂ ಸಾಗಿಸಿದರು. ನಾನು ಡಾಕ್ಟರ ಹಿಂದೆ ಬಿದ್ದೆ.

"ನಂಗೆ ಇಲ್ಲ ಅಂತ ಬಂದಿದೆಯಲ್ಲ ಮಗನೇ, ನನ್ನನ್ನಾದ್ರೂ ಬಿಡು. ನಾಳೆ ನನ್ನ ಮಗಳ ನಿಕಾಹ್."

"ನಾಳೆ ಬರಬಹುದು ನಿಮ್ಗೂ. ತಗೊಂಡು ಹೋಗಿ ಮದುವೆ ಮನೇಲಿ ಹಂಚ್ತೀರಾ ಅಮ್ಮಾ?"

"ಬೇರೆ ಕಾರಲ್ಲಿ ಹೋಗ್ತೀನಿ, ತಾರಸಿ ಮೂಲೇಲಿ ನಿಂತ್ಕೊಳ್ತೀನಿ, ಬಾಯಿ ಬಿಡಲ್ಲ."

"ಆ ವಿಡಿಯೊದಲ್ಲಿ ನಿಮ್ಮ ಬಾಯಿ ನೋಡಿದೀನಿ," ಅಂದ ಪಾಪಿ.

ಇನ್ನು ಉಳಿದದ್ದು ಒಂದೇ ದಾರಿ, ಅದು ನಮ್ಮಿಬ್ಬರಿಗೂ ಗೊತ್ತಿತ್ತು, ಇಬ್ಬರೂ ಬಾಯಿ ಬಿಟ್ಟಿರಲಿಲ್ಲ. ತಂದೆ ಇಲ್ಲದಿದ್ದರೆ ಹುಡುಗನ ಕೈಯಲ್ಲಿ ಕೈಯಿಡುವವನು ಚಿಕ್ಕಪ್ಪ. ಫಿಕ್ರಿಯ ಒಬ್ಬನೇ ತಮ್ಮ ಮಮ್ದೂಹ್ ನಮ್ಮ ಗಲ್ಲಿಯ ಹಿಂದಿನ ಗಲ್ಲಿಯಲ್ಲೇ ಇದ್ದಾನೆ. ಅಣ್ಣ ತಮ್ಮ ಮಾತು ಬಿಟ್ಟು ಆರು ವರ್ಷವಾಗಿತ್ತು.

ಆ ಬೇಸಿಗೆ ನಾವು ರಾಸ್ ಎಲ್-ಬರ್‌ನ ಸಮುದ್ರ ತೀರಕ್ಕೆ ಹೋಗಿದ್ದಾಗ ಅತ್ತೆ, ಅಂದರೆ ಅವರಿಬ್ಬರ ತಾಯಿ, ಬೆಳಗಿನ ಜಾವ ತೀರಿಕೊಂಡರು. ಫೋನು ಬಂದೊಡನೆ ಹೊರಟೆವು. ದಾರಿಯುದ್ದಕ್ಕೂ ಫಿಕ್ರಿ, ಬರ್ತಿದ್ದೀನಿ, ಬರ್ತಿದ್ದೀನಿ, ಮುಖ ನೋಡ್ಬೇಕು, ನಿಲ್ಸು ಅಂತ ಫೋನಿನಲ್ಲಿ ಕೂಗುತ್ತಲೇ ಇದ್ದರು. ನಾವು ಮುಟ್ಟುವಷ್ಟರಲ್ಲಿ ಮಣ್ಣು ಮುಚ್ಚಿಯಾಗಿತ್ತು. ಸೆಖೆ ಅಣ್ಣ, ಹೇಗೆ ಇಟ್ಕೊಳ್ಳೋದು, ಜನ ಕಾಯ್ತಿದ್ರು ಅಂದ ಮಮ್ದೂಹ್. ನೀನು ಕಾಯಲಿಲ್ವಲ್ಲ ಅಂದರು ಫಿಕ್ರಿ. ಅದೇ ಕೊನೆಯ ಮಾತು. ಆಮೇಲೆ ತಮ್ಮ ಎದುರಿಗೆ ಬಂದರೆ ರಸ್ತೆ ದಾಟಿ ಆಚೆ ಬದಿಯಲ್ಲಿ ನಡೆಯುತ್ತಿದ್ದರು. ನನ್ನ ಪ್ರಕಾರ ಇಬ್ಬರೂ ಸರಿ, ಇಬ್ಬರೂ ಮೂರ್ಖರು.

ಗುರುವಾರ ಸಂಜೆ ಯುಮ್ನಾಳ ಫೋನು ಬಂತು. ನಾನು ಕೆಳಗೆ ಹೋಗಿ ಫಿಕ್ರಿಯ ಕೋಣೆಯ ಬಾಗಿಲ ಹೊರಗೆ ನಿಂತಿದ್ದೆ. ಬಾಗಿಲು ಮುಟ್ಟುವಂತಿಲ್ಲ, ಎರಡು ಹೆಜ್ಜೆ ದೂರ. ಒಳಗಿನಿಂದ ಅವರ ಫೋನಿನ ಮಾತು ಪೂರಾ ಕೇಳಿಸುತ್ತಿತ್ತು.

"ಮುಂದಕ್ಕೆ ಹಾಕ್ಸು ಮಗಳೇ. ಎರಡು ವಾರ, ಅಷ್ಟೇ."

ಆ ಕಡೆಯಿಂದ ಅವಳು ಏನಂದಳೋ, ಇವರ ಸ್ವರ ಏರಿತು.

"ಹೈಸಮ್‌ಗೆ ಕೆಲಸ ದೊಡ್ಡದೋ ಮಾವ ದೊಡ್ಡವನೋ? ... ಯಾರು? ಅವನ ಹೆಸ್ರು ಎತ್ಬೇಡ ನನ್ ಮುಂದೆ. ... ಆಯ್ತು, ಕೇಳು ಇಲ್ಲಿ. ಮಮ್ದೂಹ್ ಕೈ ಇಟ್ರೆ ನಿನ್ನಪ್ಪ ಸತ್ತ ಅಂತ ತಿಳ್ಕೋ."

ಫೋನು ಎಲ್ಲೋ ಬಿದ್ದ ಸದ್ದು ಕೇಳಿತು.

"ಏನ್ರೀ ಮಾತು ಅದು?" ಕೂಗಿದೆ. "ನಿಕಾಹ್ ಹಿಂದಿನ ದಿನ ಮಗಳಿಗೆ ಹೇಳೋ ಮಾತಾ? ನಿಮ್ಮನ್ನ ಈ ಹಡಗು ಹತ್ಸಿದ್ದು ಅವಳಾ? ಅವಳೇನಾದ್ರೂ ಬೇಡ್ಕೊಂಡ್ಳಾ, ಅಪ್ಪಾ ಹೋಗಿ ಊರೋರ್ಗೆಲ್ಲ ಮುತ್ತು ಕೊಟ್ಟು ಬಾ ಅಂತ?"

ಒಳಗೆ ಕೆಮ್ಮು ಮಾತ್ರ.

"ಮೂರನೇ ಸಲ ಮುಂದಕ್ಕೆ ಹಾಕಿದ್ರೆ ಆ ಹುಡುಗ ಬರ್ತಾನೆ ಅಂತ ಯಾರು ಹೇಳಿದ್ರು ನಿಮ್ಗೆ? ನಿಮ್ಮ ಹಟಕ್ಕೆ ಅವಳು ಮನೇಲೇ ಕೂತಿರ್ಬೇಕಾ?"

"ಹೋಗೇ ಇಲ್ಲಿಂದ," ಅಂದರು ಫಿಕ್ರಿ. ಸ್ವರದಲ್ಲಿ ಶಕ್ತಿಯೇ ಇರಲಿಲ್ಲ. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಜೋರಾಗಿ ಕಾಲು ಬಡಿಯುತ್ತ ಮೆಟ್ಟಿಲು ಹತ್ತಿದೆ. ಅವರು ಆಮೇಲೆ ಫೋನು ತೆಗೆಯಲೇ ಇಲ್ಲ, ಆಫ್ ಮಾಡಿಬಿಟ್ಟಿದ್ದರು.

ಯುಮ್ನಾ ಅಳುತ್ತಲೇ ನನಗೆ ಫೋನು ಮಾಡಿದಳು. "ನಾನು ಚಿಕ್ಕಪ್ಪನ ಮನೆಗೆ ಹೋಗಿ ಕೇಳ್ಕೊಂಡೆ ಅಮ್ಮ."

"ಏನಂದ?"

"ನಿನ್ನಪ್ಪ ಒಪ್ತಾನಾ ಅಂದ್ರು. ಇಲ್ಲ ಅಂದೆ. ಆದ್ರೂ ಬರ್ತೀನಿ ಅಂದ್ರು."

ಶುಕ್ರವಾರ ಮಧ್ಯಾಹ್ನದ ಮೇಲೆ, ಅಸರ್ ನಮಾಜು ಮುಗಿದ ಹೊತ್ತಿಗೆ ನಾನು ಮತ್ತೆ ಕೆಳಗಿಳಿದೆ. ಬೆಳಿಗ್ಗೆ ಇಟ್ಟ ತಿಂಡಿಯ ತಟ್ಟೆ ಅವರ ಬಾಗಿಲ ಮುಂದೆ ಹಾಗೇ ಇತ್ತು, ಬೇಯಿಸಿದ ಕಾಳಿನ ಫೂಲ್ ತಣ್ಣಗಾಗಿ ಕೆನೆಗಟ್ಟಿತ್ತು. ನನ್ನ ಫೋನಿನಲ್ಲಿ ಯುಮ್ನಾಳ ವಿಡಿಯೊ ಕಾಲ್ ಬಂತು. ಯಾರೋ ಅವಳ ಫೋನನ್ನು ಹೂಕುಂಡಕ್ಕೆ ಒರಗಿಸಿ ನಿಲ್ಲಿಸಿದ್ದರು. ನಮ್ಮ ತಾರಸಿ, ಅದರ ಮೇಲೆ ನಮ್ಮದೇ ಚಾಪೆ, ಮಾಸ್ಕು ಹಾಕಿದ ಮಾಜೂನ್ ಸಾಹೇಬರು, ಬೆವರುತ್ತಿದ್ದ ಹೈಸಮ್. ಬಿಳಿ ಉಡುಪಿನಲ್ಲಿ ನನ್ನ ಮಗಳು ಅಂಗೈಯಗಲದ ಪರದೆಯಲ್ಲಿ ಉಗುರಿನಷ್ಟು ಕಾಣುತ್ತಿದ್ದಳು. ಇಷ್ಟು ವರ್ಷ ಸರಿಯಾಗಿ ನೋಡಿಯೇ ಇರಲಿಲ್ಲ, ಮಮ್ದೂಹ್‌ಗೆ ಕೂದಲೆಲ್ಲ ನರೆತುಬಿಟ್ಟಿತ್ತು.

"ಅತ್ತಿಗೆ," ಅಂದ ಅವನು ಪರದೆಯ ಹತ್ತಿರ ಬಂದು. "ಅಣ್ಣ?"

ನಾನು ಫೋನನ್ನು ಬಾಗಿಲಿಗೆ ಹಿಡಿದೆ. "ರೀ, ಎಲ್ರೂ ಕೂತಿದ್ದಾರೆ. ಮಮ್ದೂಹ್ ಕೇಳ್ತಿದ್ದಾನೆ."

"ಶುರು ಮಾಡ್ಲಿ," ಒಳಗಿನಿಂದ ಬಂತು. "ನಾನ್ಯಾಕೆ ಬೇಕು? ಅವನು ಯಾರಿಗೂ ಕಾಯೋನಲ್ಲ."

ಇಷ್ಟು ಜೋರಾಗಿ ಹೇಳಿದ್ದು ಕೇಳಲೆಂದೇ. ಕೇಳಿಸಿತು ಕೂಡ. ಮಮ್ದೂಹ್ ತಲೆ ತಗ್ಗಿಸಿ ಹಿಂದಕ್ಕೆ ಹೋಗಿ ಕೂತ. ಆ ಬಾಗಿಲನ್ನು ಒದೆಯಬೇಕೆನಿಸಿತು ನನಗೆ.

ಮಾಜೂನ್ ಸಾಹೇಬರಿಗೆ ಇನ್ನೆರಡು ಕಡೆ ನಿಕಾಹ್ ಇತ್ತು, ಅವಸರ. "ಮಗಳೇ, ನಿನ್ನ ಪರವಾಗಿ ಯಾರು ಕೈ ಇಡ್ತಾರೆ? ನೀನೇ ಹೇಳ್ಬೇಕು," ಅಂದರು.

"ನಮ್ಮಪ್ಪ," ಅಂದಳು ಯುಮ್ನಾ.

"ಎಲ್ಲಿದ್ದಾರೆ?"

"ಹಡಗಲ್ಲಿ."

"ಹಡಗಲ್ಲಿರೋರ ಕೈ ಇಲ್ಲಿಗೆ ಮುಟ್ಟುತ್ತಾ ತಾಯಿ?"

"ಕೈ ಚಿಕ್ಕಪ್ಪನದು. ಮಾತು ಮೊದ್ಲು ಅಪ್ಪನ ಬಾಯಿಂದ ಬರ್ಬೇಕು. ಹೇಗೂ ನೀವು ಹೇಳ್ಕೊಟ್ಟಿದ್ದನ್ನೇ ತಾನೇ ಚಿಕ್ಕಪ್ಪ ಹೇಳೋದು? ಅಪ್ಪ ಹೇಳ್ಕೊಡ್ಲಿ. ಅವರು ಹೇಳ್ದೆ ನಂಗೆ ಬೇಡ."

"ಇದೆಂಥ ಹೊಸ ಪದ್ಧತಿ..." ಅಂತ ಸಾಹೇಬರು ಶುರುಮಾಡಿದರು. ಮಮ್ದೂಹ್ ಹೈಸಮ್‌ನ ಕೈ ಹಿಡಿದುಕೊಂಡದ್ದು ಕಂಡಿತು, ಯಾರೋ ಮೇಲೆ ಕರವಸ್ತ್ರ ಹಾಸುತ್ತಿದ್ದರು. ಅಷ್ಟರಲ್ಲಿ ಚಿತ್ರ ನಿಂತುಹೋಯಿತು. ಸಾಹೇಬರ ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು. ನನ್ನ ಫೋನಿನಲ್ಲಿ ಸಿಗ್ನಲ್ಲೇ ಇಲ್ಲ! ಮೆಟ್ಟಿಲಿನ ತುದಿಗೆ ಓಡಿದೆ, ವಾಪಸು ಓಡಿಬಂದೆ, ಕೈ ಮೇಲೆತ್ತಿ ಹಿಡಿದೆ. ಇಲ್ಲ. ಎರಡೂ ಮುಷ್ಟಿಯಿಂದ ಬಾಗಿಲಿಗೆ ಗುದ್ದಿದೆ.

"ಹೋಯ್ತು! ಕಾಲ್ ಹೋಯ್ತು! ಕೇಳಿಸ್ತಾ ನಿಮ್ಮ ಮಗಳು ಹೇಳಿದ್ದು? ಅಪ್ಪ ಹೇಳ್ದೆ ಬೇಡ ಅಂದ್ಳು, ಅಷ್ಟು ಜನರೆದುರು! ನೀವು ಒಳಗೆ ಹೊದ್ದು ಮಲಗಿ! ಎಂಥಾ ಗಂಡಸ್ರೀ ನೀವು..."

ಬಾಗಿಲು ತೆರೆಯಿತು.

ಫಿಕ್ರಿ ಸೂಟು ಹಾಕಿದ್ದರು. ಇವತ್ತಿಗೆಂದೇ ಹೊಲಿಸಿದ ಕಪ್ಪು ಸೂಟು, ಕಪ್ತಾನನ ಔತಣಕ್ಕೆ ಹಾಕೋಣವೆಂದು ನನಗೆ ಹೇಳದೆ ಪೆಟ್ಟಿಗೆಯಲ್ಲಿ ತಂದುಕೊಂಡಿದ್ದರು. ಟೈ ಕಟ್ಟಿದ್ದರು. ಗಡ್ಡ ತೆಗೆದಿದ್ದರು, ಗಲ್ಲದಲ್ಲಿ ಎರಡು ಕಡೆ ಬ್ಲೇಡು ತಾಗಿ ರಕ್ತ ಒಣಗಿತ್ತು. ಕಣ್ಣು ಜ್ವರದಲ್ಲಿ ಹೊಳೆಯುತ್ತಿದ್ದವು, ನಿಲ್ಲಲು ಬಾಗಿಲ ಚೌಕಟ್ಟು ಹಿಡಿದಿದ್ದರು.

"ಏನಂದ್ಳು?" ಅಂದರು.

"ನೀವು ಹೇಳ್ಬೇಕಂತೆ."

"ನಿನ್ನ ಫೋನ್ ಕೊಡು."

"ಸಿಗ್ನಲ್ ಇಲ್ಲ ಅಂತ ಬಡ್ಕೊಳ್ತಿಲ್ವಾ ನಾನು!"

ಅವರು ಜೇಬಿನಿಂದ ತಮ್ಮ ಫೋನು ತೆಗೆದು ಆನ್ ಮಾಡಿದರು, ಅವರ ಸಿಮ್ಮು ಬೇರೆ ಕಂಪನಿಯದು. ಯುಮ್ನಾಳಿಗೆ ಹಚ್ಚಿದರು, ಹೋಗಲಿಲ್ಲ. ಅವಳೂ ನನಗೆ ಹಚ್ಚುತ್ತಿದ್ದಳೋ ಏನೋ, ಬಿಜಿ, ಮತ್ತೆ ಬಿಜಿ. ಆಮೇಲೆ ಹೆಬ್ಬೆರಳಿನಿಂದ ಒಂದೊಂದೇ ಅಂಕಿ ಒತ್ತಿದರು. ಹೆಸರು ಹುಡುಕಲಿಲ್ಲ, ಹೆಸರು ಅಳಿಸಿಹಾಕಿ ಎಷ್ಟೋ ಕಾಲವಾಗಿತ್ತು. ಅಂಕಿಗಳು ಮಾತ್ರ ಬಾಯಿಪಾಠವಿದ್ದವು. ಮೊದಲ ರಿಂಗಿಗೇ ಎತ್ತಿದ ಮಮ್ದೂಹ್.

"ಅಣ್ಣಾ."

"ಮುಗೀತೇನೋ?" ಅಂದರು ಫಿಕ್ರಿ.

"ಏನು ಮುಗಿಯೋದು, ನೀನಿಲ್ದೆ?" ಅಂದ ಮಮ್ದೂಹ್. "ಮಾಜೂನ್ ಸಾಹೇಬ್ರು ಎದ್ದು ಹೊರಟಿದ್ರು. ತಾರಸಿ ಬಾಗಿಲಿಗೆ ಬೀಗ ಹಾಕ್ಸಿದೀನಿ, ಕೀಲಿಕೈ ನನ್ನ ಜೇಬಲ್ಲಿದೆ. ಬೈತಿದ್ದಾರೆ, ಬೈಲಿ. ಹುಡುಗನ ಕೈ ಬಿಟ್ಟಿಲ್ಲ ನಾನು, ಎಡಗೈಲಿ ಫೋನ್ ಹಿಡ್ಕೊಂಡಿದ್ದೀನಿ. ಕೂತಿದ್ದೀವಿ ಅಣ್ಣ. ನೀನು ಹೇಳು."

ಫಿಕ್ರಿ ನನ್ನನ್ನು ನೋಡಿದರು. ನಾನು ಮುಖ ತಿರುಗಿಸಿದೆ, ಇಲ್ಲದಿದ್ದರೆ ನಾನೂ ಅತ್ತುಬಿಡುತ್ತಿದ್ದೆ.

ಸಾಹೇಬರ ಸ್ವರ ದೂರದಿಂದ ಕೇಳಿಸಿತು, ಸಿಟ್ಟಿನಲ್ಲಿದ್ದರೂ ಹೇಳಿಕೊಡುತ್ತಿದ್ದರು. ಫಿಕ್ರಿ ಬಲಗೈ ಮುಂದೆ ಚಾಚಿ, ಎದುರಿಗೆ ಹುಡುಗ ಕೂತಿದ್ದಾನೇನೋ ಅನ್ನುವಂತೆ ಹಿಡಿದು, "ಅಲ್ಲಾಹನ ಮತ್ತು ಅವನ ಪ್ರವಾದಿಯ ವಿಧಿಯಂತೆ," ಅಂದರು. ಮಮ್ದೂಹ್ ಅದನ್ನೇ ಹೇಳಿದ. "ಮಾತಾದ ಮಹರಿಗೆ," ಅಂತ ವಧುಧನದ ಮಾತಿಗೆ ಬರುವಷ್ಟರಲ್ಲಿ ಕೆಮ್ಮು ಬಂತು. ಬಂದದ್ದು ನಿಲ್ಲಲಿಲ್ಲ. ಬಾಗಿಬಿಟ್ಟರು. ಮೆಟ್ಟಿಲ ಮೇಲಿನಿಂದ ಡಾಕ್ಟರು ಓಡಿಬಂದ.

"ಬಾಗಿಲು ಹಾಕಿ! ಯಾರು ತೆರೆದದ್ದು? ಅಮ್ಮಾ, ಈ ಕಡೆ ಬನ್ನಿ!"

ನಾನು ಬಾಗಿಲಿಗೆ ಕಾಲು ಅಡ್ಡ ಇಟ್ಟೆ. "ಮುಟ್ಟಿದ್ರೆ ನಿನ್ನನ್ನೂ ತಬ್ಕೊಂಡ್ಬಿಡ್ತೀನಿ ನೋಡು. ನಿಂತ್ಕೋ ಅಲ್ಲೇ."

ಅವನು ನಿಂತ. ಫೋನಿನಲ್ಲಿ ಮಮ್ದೂಹ್, "ಸಾವಕಾಶ ಅಣ್ಣ, ನೀರು ಕುಡಿ. ಇಲ್ಲಿ ಯಾರೂ ಎಲ್ಲಿಗೂ ಹೋಗ್ತಿಲ್ಲ," ಅನ್ನುತ್ತಿದ್ದ.

ಉಸಿರು ತಿರುಗಿದ ಮೇಲೆ ಫಿಕ್ರಿ ಚೌಕಟ್ಟಿಗೆ ಒರಗಿ ಮತ್ತೆ ಮೊದಲಿನಿಂದ ಹೇಳಿದರು. ಮಾತಿಗೊಮ್ಮೆ ನಿಲ್ಲುತ್ತಿದ್ದರು, ಆ ಕಡೆಯವರೂ ನಿಲ್ಲುತ್ತಿದ್ದರು. "ಮಾತಾದ ಮಹರಿಗೆ... ನನ್ನ ಮಗಳು ಯುಮ್ನಾಳನ್ನು... ನಿನಗೆ ನಿಕಾಹ್ ಮಾಡಿಕೊಟ್ಟಿದ್ದೇನೆ."

"ನನ್ನ ಮಗಳು ಯುಮ್ನಾಳನ್ನು," ಅಂದ ಮಮ್ದೂಹ್, ಇದ್ದದ್ದನ್ನು ಇದ್ದ ಹಾಗೆ.

"ಅಣ್ಣನ ಮಗಳು ಅನ್ನಿ," ಸಾಹೇಬರು ತಡೆದರು. "ನನ್ನ ಮಗಳು ಅಂದ್ರೆ ಹೇಗಾಗುತ್ತೆ? ನೀವು ತಂದೆಯಲ್ಲ. ಇನ್ನೊಮ್ಮೆ ಹೇಳಿ."

ಫಿಕ್ರಿ ಫೋನನ್ನು ಬಾಯಿಯ ಹತ್ತಿರ ತಂದುಕೊಂಡರು.

"ಕಾಗದದಲ್ಲಿ ಅಣ್ಣನ ಮಗಳು ಅಂತಲೇ ಬರ್ಕೊಳ್ಳಿ ಸಾಹೇಬ್ರೇ," ಅಂದರು. "ನನ್ನ ತಮ್ಮ ಹೇಳಿದ್ದು ಸರಿಯಾಗೇ ಇದೆ."